ಕರಿಬೇವಿಗೆ ಒಂದು ಹಿಡಿ

ಗೊತ್ತಿರುವ ವಿಷಯದಲ್ಲೇ ಮನುಷ್ಯ ಹೆಚ್ಚು ಮುಗ್ಗರಿಸುತ್ತಾನೆ ಎಂದು ನನ್ನ ಅನುಮಾನ. ಗೊತ್ತಿಲ್ಲದಿದ್ದರೆ ನಾಲ್ಕು ಜನರನ್ನು ಕೇಳುತ್ತಾನೆ. ನಾನೋ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಕೇಳುವ ಅಭ್ಯಾಸವೇ ತಪ್ಪಿಹೋಗಿದೆ.

ನನ್ನ ಹೆಂಡತಿ ಸರೋಜಾ ಹದಿನೈದು ದಿನ ತಂಗಿಯ ಮನೆಗೆ ಹೊರಟಾಗ, ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿದ್ದ ಕರಿಬೇವಿನ ಕುಂಡವನ್ನು ನನಗೆ ಒಪ್ಪಿಸಿದಳು. ಬೀಜದಿಂದ ಅವಳೇ ಬೆಳೆಸಿದ ಗಿಡ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ಹೇಳಿರಲಿಲ್ಲ. “ದಿನಾ ನೀರು ಹಾಕಿ. ವಾರಕ್ಕೊಂದ್ಸಲ ಹುಳಿಮಜ್ಜಿಗೆ, ಅದೂ ನೀರ್‌ನೀರಾಗಿ. ನೀವು ತಲೆ ಮಾತ್ರ ಓಡಿಸ್ಬೇಡಿ.” ಹಾಗೆಂದ ಮೇಲೆ ತಲೆ ಸುಮ್ಮನಿರುತ್ತದೆಯೇ? ಅವಳು ಬರುವಷ್ಟರಲ್ಲಿ ಗಿಡ ಎದೆಯೆತ್ತರ ಬೆಳೆದು ನನ್ನ ಮಾನ ಹೆಚ್ಚಿಸಬೇಕೆಂದು ಚಂದ್ರಾ ಲೇಔಟಿಗೆ ಹೋಗಿ ರಸಗೊಬ್ಬರ ತಂದೆ. ಬಕೆಟ್ ನೀರಿಗೆ ಒಂದು ಚಮಚ ಎಂದು ಪೊಟ್ಟಣದ ಮೇಲಿತ್ತು. ನಾನು ಒಂದು ಚೊಂಬಿಗೆ ಒಂದು ಹಿಡಿ ಕದಡಿ ಸುರಿದೆ.

ಮೂರನೇ ದಿನಕ್ಕೆ ಎಲೆಗಳ ತುದಿ ಕಂದಾಯಿತು. ಪಾಪ, ಇನ್ನೂ ಹಸಿವು ಎಂದುಕೊಂಡು ಮತ್ತೊಂದು ಹಿಡಿ ಕೊಟ್ಟೆ. ಗಿಡ ಎಲೆ ಉದುರಿಸತೊಡಗಿತು. ಸಂಜೆ ಸರೋಜಾ ಫೋನ್ ಮಾಡಿ ಗಿಡದ ಯೋಗಕ್ಷೇಮ ಕೇಳಿದಾಗ, “ಹೊಟ್ಟೆ ತುಂಬಾ ಊಟ ಮಾಡ್ತಿದೆ ಕಣೇ” ಎಂದೆ. ಸುಳ್ಳೇನಲ್ಲ, ಆದರೂ ಬೇಗನೆ ಫೋನ್ ಇಟ್ಟುಬಿಟ್ಟೆ.

ಕೊನೆಗೆ ನನ್ನನ್ನು ಹಿಡಿದದ್ದು ಬಟ್ಟೆ ಒಣಹಾಕಲು ಬಂದ ಮನೆಯ ಒಡತಿ ಪುಟ್ಟಮ್ಮ. ಈ ಬಡಾವಣೆ ಹೊಲವಾಗಿದ್ದಾಗ ಇಲ್ಲೇ ರಾಗಿ ಬೆಳೆದವರು. ಕುಂಡದ ಮಣ್ಣಿನ ಮೇಲೆ ಕಟ್ಟಿದ್ದ ಬಿಳಿ ಪುಡಿಯನ್ನು ಬೆರಳಲ್ಲಿ ಕೆರೆದು, “ಮೇಷ್ಟ್ರೇ, ಇದಕ್ಕೆ ಬಾಯಾರ್ತಾ ಇದೆ. ಇಷ್ಟ್ ಉಪ್ಪಿದ್ರೆ ಬೇರು ಹೆಂಗೆ ನೀರು ಕುಡೀತದೆ? ತಳದಿಂದ ಸೋರೋ ಹಂಗೆ ಬರೀ ನೀರು ಹುಯ್ಯಿರಿ” ಎಂದರು.

ಅಯ್ಯೋ, ಇದು ನನ್ನದೇ ಪಾಠ! ಬೇರು ಗೊಬ್ಬರವನ್ನು ಅಗಿದು ತಿನ್ನುವುದಿಲ್ಲ. ತೆಳ್ಳಗೆ ನೀರಿನಲ್ಲಿ ಕರಗಿದ ಲವಣವನ್ನು ಸ್ವಲ್ಪಸ್ವಲ್ಪವಾಗಿ ಹೀರುತ್ತದೆ. ಹೊರಗಿನ ದ್ರಾವಣ ಗಾಢವಾದರೆ ಬೇರಿನೊಳಗಿನ ನೀರೇ ಆಚೆ ಬರುತ್ತದೆ. ಪ್ರತಿ ವರ್ಷ ದ್ರಾಕ್ಷಿಯನ್ನು ಉಪ್ಪುನೀರಿಗೆ ಹಾಕಿ, ಅದು ಸುಕ್ಕಾಗುವುದನ್ನು ಮಕ್ಕಳಿಗೆ ತೋರಿಸುತ್ತಿದ್ದೆ.

ಅಂದಿನಿಂದ ಬರೀ ನೀರು. ಸರೋಜಾ ಬಂದ ದಿನ ಬೋಳು ಕಡ್ಡಿಯ ತುದಿಯಲ್ಲಿ ಎರಡು ಚಿಗುರು ಇಣುಕಿದ್ದವು. ಅವಳು ಕುಂಡದ ಮುಂದೆ ಕೂತು ಕಡ್ಡಿಯನ್ನು ಬುಡದಿಂದ ತುದಿಯವರೆಗೆ ಬೆರಳಲ್ಲಿ ಸವರಿದಳು. ಹೆದರಿಕೆಗೆ ನಾನು ದ್ರಾವಣ, ಸಾಂದ್ರತೆ, ಬೇರುರೋಮ ಎಂದು ಶುರುಮಾಡಿದೆ.

“ಸಾಕು ರೀ,” ಎಂದಳು. “ಗಿಡಕ್ಕೂ ಹಿಂಗೇ ಪಾಠ ಮಾಡಿದ್ರಾ?”

ನನಗೆ ಹಿಂದಿನ ಬೆಂಚಿನ ಮಕ್ಕಳ ನೆನಪಾಯಿತು. ಅವರ ಮುಖ ಬಾಡಿದಾಗಲೆಲ್ಲ ಇನ್ನೂ ಸಾಲದೆಂದುಕೊಂಡು ನಾನು ಮತ್ತರ್ಧ ಗಂಟೆ ಸುರಿಯುತ್ತಿದ್ದೆ.