ಮಾಮಾನ ಪಂಕ್ತಿಶಾಸ್ತ್ರ

ನಮ್ಮ ಸೋದರಮಾವನ ಪ್ರಕಾರ ಜಗತ್ತಿನ ಸಕಲ ಕಷ್ಟಕ್ಕೂ ಕಾರಣ ಒಂದೇ: ಜನರಿಗೆ ಬಡಿಸಲು ಬರುವುದಿಲ್ಲ! ಮಾನ್ವಿಯ ಮಠದಲ್ಲಿ ನಲವತ್ತು ವರ್ಷ ಪಂಕ್ತಿಗೆ ಅನ್ನ ಬಡಿಸಿದವರು ಇನ್ನೇನು ಹೇಳಿಯಾರು? ಕರೆಯದ ಮದುವೆಗೂ ಹೋಗಿ, ಶಲ್ಯವನ್ನು ಸೊಂಟಕ್ಕೆ ಬಿಗಿದು ಸಾರಿನ ಬಕೆಟ್ಟು ಹಿಡಿಯುತ್ತಾರೆ.

ಒಮ್ಮೆ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನೂಕುನುಗ್ಗಲು ಕಂಡು, ಮಂದಿಯನ್ನು ಹತ್ತು ಹತ್ತರ ಪಂಕ್ತಿ ಮಾಡಿ ಹತ್ತಿಸಿದರು. ಎಲ್ಲರಿಗೂ ಸೀಟು ಸಿಕ್ಕಿತು. ಬಸ್ಸು ಹೊರಟಿತು. ಮಾಮಾ ಮಾತ್ರ ಕೆಳಗೇ ಉಳಿದಿದ್ದರು! (ಅದು ಗಿಲ್ಲೆಸುಗೂರಿನಲ್ಲಿ ನಡೆದದ್ದೆಂದು ನನ್ನ ಹೆಂಡತಿಯ ವಾದ. ಇರಬಹುದು. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿತೆ. ಈಗ ನನ್ನ ನೆನಪನ್ನೂ ಬಿಡುವುದಿಲ್ಲ.)

ನಾನು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ದಾಖಲೆ ನೋಡಿಕೊಳ್ಳುವವನು. ರೋಗಿಗಳ ಟೇಬಲ್ಲಿನಲ್ಲಿ, ಅಂದರೆ ಲಕ್ಷಗಟ್ಟಲೆ ಸಾಲುಗಳ ಪಟ್ಟಿಯಲ್ಲಿ, ಊರುಗಳ ಹಳೆಯ ಕೋಡ್ ತೆಗೆದು ಹೊಸದು ಹಾಕಬೇಕಿತ್ತು. ಅರ್ಧ ತಾಸಿನ ಕೆಲಸವೆಂದು ಬೆಳಿಗ್ಗೆಯೇ ಆಜ್ಞೆ ಕೊಟ್ಟೆ: ಎಲ್ಲವನ್ನೂ ಬದಲಿಸು! ಅದು ಇಡೀ ಟೇಬಲ್ಲಿಗೆ ಬೀಗ ಹಾಕಿಕೊಂಡು ಕೂತುಬಿಟ್ಟಿತು. ಮುಗಿಯುವತನಕ ಹೊಸ ರೋಗಿಯ ಹೆಸರು ಸೇರಿಸುವಂತಿಲ್ಲ, ಚೀಟಿ ಕೊಡುವಂತಿಲ್ಲ. ಹೊರಗೆ ಚೀಟಿಗೆ ನಿಂತವರ ಪಾಳಿ ಬೆಳೆಯಿತು. ಎರಡು ತಾಸಿನ ಮೇಲೆ ಕೆಲಸ ಕೆಟ್ಟು ನಿಂತು, ಆದದ್ದೆಲ್ಲ ರದ್ದಾಯಿತು. ಬುದ್ಧಿವಂತ ನಾನು, ಅದನ್ನೇ ಮತ್ತೆ ಮೊದಲಿನಿಂದ ಹಚ್ಚಿದೆ!

ಆಗ ಮಾಮಾ ಒಳಗೆ ಬಂದರು. "ಏನ್ ಮಾಡಾಕತ್ತೀಯೋ? ಹೊರಗ ಮಂದಿ ನಿಂತು ನಿಂತು ಸಾಕಾಗ್ಯಾರ."

ವಿವರಿಸಿದೆ. ಅವರು ಹಣೆ ಬಡಿದುಕೊಂಡರು.

"ಲೇ ಶಾಣ್ಯಾ, ಸಾವಿರ ಮಂದೀನ ಒಮ್ಮೆಲೇ ಕೂಡಿಸಿ, ಎಲ್ಲಾರ ಊಟ ಆಗೋತನಕಾ ಬಾಗಲಾ ಹಾಕ್ತಾರೇನು? ಐವತ್ತು ಐವತ್ತು ಕೂಡಿಸು. ಒಂದು ಪಂಕ್ತಿ ಎದ್ದ ಕೂಡ್ಲೇ ಬಾಗಲಾ ತೆಗಿ. ಪಂಕ್ತಿಗೊಂದು ಹುಣಸಿಬೀಜ ಕಿಸೇದಾಗ ಹಾಕ್ಕೋ, ಎಷ್ಟು ಆದವು ಅಂತ ಗೊತ್ತಿರತದ."

"ಇದು ಅನ್ನ ಬಡಿಸೋದಲ್ರೀ ಮಾಮಾ!"

"ಆತು. ಉಂಡವರಿಗೇ ತಿರುಗಿ ಬಡಿಸಾಕತ್ತಿಲ್ಲ ಹೌದಲ್ಲೋ?"

ಕೊಟ್ಟ ಆಜ್ಞೆಯನ್ನು ತಿರುಗಿ ಓದಿದೆ. ಹೊಸ ಕೋಡ್ ಮೊದಲೇ ಇದ್ದ ಸಾಲುಗಳನ್ನೂ ತಿದ್ದುತ್ತಿದ್ದೆ!

ಕೆಲಸ ನಿಲ್ಲಿಸಿ, ತಿದ್ದಬೇಕಾದ ಸಾಲುಗಳನ್ನಷ್ಟೇ ಆರಿಸಿದೆ. ಸಾವಿರ ಸಾವಿರದ ಕಂತು ಮಾಡಿ, ಪ್ರತಿ ಕಂತಿಗೂ ಆದಷ್ಟನ್ನು ಉಳಿಸಿ, ಬೀಗ ತೆಗೆದು, ಎಲ್ಲಿಯವರೆಗೆ ಬಂತೆಂದು ಗುರುತಿಡುವಂತೆ ಬರೆದೆ. ನಡುನಡುವೆ ಚೀಟಿಗಳೂ ಹೊರಟವು, ಪಾಳಿ ಸರಿಯಿತು. ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಮಾಮಾ ಯಾವಾಗಲೋ ಎದ್ದುಹೋಗಿದ್ದರು. ಸಾಹೇಬರ ಮುಂದೆ ಉಪಾಯ ನನ್ನದೇ ಎಂದೆ. ಹೇಳುತ್ತ ಹೇಳುತ್ತ ನನಗೂ ಹಾಗೇ ನೆನಪಾಗತೊಡಗಿತು!

ಸಂಜೆ ಅಂದಿನ ಹೊಸ ಹೆಸರುಗಳನ್ನು ತಪಾಸಣೆ ಮಾಡುತ್ತಿದ್ದೆ. ಬೆಳಗಿನ ಪಾಳಿಯ ಕೊನೆಯ ಹೆಸರು ನಮ್ಮ ಮಾಮಿಯದು! ಮೊಣಕಾಲು ಬಾತು ನಾಲ್ಕು ಹೆಜ್ಜೆ ಇಡಲಾಗದ ಮಾಮಿ.

ಫೋನ್ ಹಚ್ಚಿದೆ. "ಮಾಮಿ ಹೊರಗ ಕೂತಾರಂತ ಒಂದು ಮಾತು ಹೇಳಬಾರದಿತ್ತೇನ್ರಿ?"

"ಹೇಳಿದ್ರ ಆಕೀ ಚೀಟಿ ಮೊದಲು ಮಾಡಸ್ತಿದ್ದಿ. ಮನಿಯವರದು ಯಾವತ್ತೂ ಕೊನೀ ಪಂಕ್ತಿ ಅಲ್ಲೇನೋ?"

ಹಿಂದಿನಿಂದ ಮಾಮಿಯ ದನಿ: "ಮದುವಿ ಆದಾಗಿಂದ ಕೊನೀ ಪಂಕ್ತಿನೇ! ಒಂದು ದಿನಾರ ಬಿಸಿ ಅನ್ನ ಉಂಡೀನೇನು, ಕೇಳವರನ್ನ!"

ಮಾಮಾ ಫೋನ್ ಇಟ್ಟುಬಿಟ್ಟರು.

ಈಗ ತಿಂಗಳಿಗೊಮ್ಮೆ ಇಬ್ಬರೂ ಬರುತ್ತಾರೆ. ಪಾಳಿ ತಪ್ಪಿಸಲು ಮಾಮಾ ಇಂದಿಗೂ ಒಪ್ಪುವುದಿಲ್ಲ. ಹಾಗಾಗಿ ಮಾಮಿಯ ಬದಲು ಪಾಳಿಯ ಕೊನೆಯಲ್ಲಿ ನಾನು ನಿಲ್ಲುತ್ತೇನೆ. ಒಳಗೆ ನನ್ನ ಕುರ್ಚಿಯಲ್ಲಿ ಮಾಮಿ ಕೂತಿರುತ್ತಾರೆ. ನನ್ನ ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿ, ಶಲ್ಯ ಸೊಂಟಕ್ಕೆ ಬಿಗಿದು, ಮಾಮಾ ಬಿಸಿ ಅನ್ನ ಬಡಿಸುತ್ತಾರೆ. ಮೊದಲ ಪಂಕ್ತಿ. ಕೂತವರು ಒಬ್ಬರೇ.