ಫೊಲಾರಿನ್‌ನ ಸ್ವಂತ ಅಂಗಿ

ಎಲ್ಲಕ್ಕೂ ಮೂಲ ಅಕಿನ್ಲೊಯೆ ಮೇಷ್ಟ್ರು ಆಡಿದ ಒಂದು ಮಾತು. ಇಬಾದಾನಿನ ಕಲಾಶಾಲೆಯಲ್ಲಿ, ಇಡೀ ತರಗತಿಯ ಎದುರು, "ಫೊಲಾರಿನ್, ನಿನ್ನ ಕೈ ಚೆನ್ನಾಗಿದೆ ಕಣಯ್ಯ. ಕಲ್ಪನೆ ಮಾತ್ರ ಪಕ್ಕದ ಬೆಂಚಿಂದು" ಅಂದುಬಿಟ್ಟರು. ಲಾಗೋಸಿನ ಕಲಾಮೇಳಕ್ಕೆ ಶಾಲೆಯಿಂದ ಹೋಗುವುದು ಒಬ್ಬನೇ. ಆ ಒಬ್ಬ ತಾನಾಗಬೇಕೆಂದು ಫೊಲಾರಿನ್ ಊಟ ನಿದ್ದೆ ಬಿಟ್ಟಿದ್ದ.

"ಶನಿವಾರ ನಿಮ್ಮ ದೊಡ್ಡಮ್ಮನ ಅರವತ್ತರ ಸಮಾರಂಭಕ್ಕೆ ಬರ್ತೀನಲ್ಲ, ಅಷ್ಟರಲ್ಲಿ ಯಾರೂ ಮಾಡದ್ದೊಂದು ಮಾಡಿ ತೋರ್ಸು. ತೀರ್ಮಾನ ಅಲ್ಲೇ ಹೇಳ್ತೀನಿ" ಎಂದರು ಮೇಷ್ಟ್ರು.

ಮೊರೆನಿಕೆ ದೊಡ್ಡಮ್ಮ ಆಗಲೇ ನೆಂಟರಿಗೆಲ್ಲ ಕೆನೆಬಣ್ಣದ ಬಟ್ಟೆ ಹಂಚಿ ಮುಗಿಸಿದ್ದಳು. ಸಮಾರಂಭವೆಂದರೆ ಬಂಧುಬಳಗವೆಲ್ಲ ಒಂದೇ ಥಾನಿನ ಅಸೊ-ಎಬಿ ತೊಟ್ಟು ನಿಲ್ಲಬೇಕು. ತೊಡದವನು ನೆಂಟನೇ ಅಲ್ಲ.

"ಎಲ್ರಿಗೂ ಒಂದೇ ಬಟ್ಟೆ! ನಾವೇನು ಕುರಿಮಂದೇನಾ?" ಎಂದು ಫೊಲಾರಿನ್ ಹಾರಾಡಿದ.

"ಕುರಿಗೂ ಹೊತ್ತುಹೊತ್ತಿಗೆ ಮೇವು ಹಾಕ್ತಾರಲ್ಲ, ಸುಮ್ನಿರೋ" ಎಂದ ಲೇಕಾನ್. ಇವನು ದೊಡ್ಡಮ್ಮನ ಮಗ, ಫೊಲಾರಿನ್‌ನ ಸಹಪಾಠಿ. ಕ್ಯಾಲೆಂಡರಿನ ಚಿತ್ರದ ಮೇಲೆ ತೆಳುಹಾಳೆ ಇಟ್ಟು ಗೆರೆ ಎಳೆಯುವುದೇ ಇವನ ಕಲೆ.

ನೀಲಿ ಅದ್ದುವವರು ಬಟ್ಟೆಯನ್ನು ಮುಳುಗಿಸಿ, ಒಣಗಿಸಿ, ಮತ್ತೆ ಮುಳುಗಿಸಿ, ಕೊನೆಗೆ ನೀರು ತಿಳಿಯಾಗುವವರೆಗೆ ಜಾಲಿಸುತ್ತಾರೆ. ತಲೆತಲಾಂತರದಿಂದ ನಡೆದುಬಂದದ್ದೇ ಹಾಗೆ. ಎಲ್ಲರೂ ಮಾಡುವುದನ್ನು ನಾನೇಕೆ ಮಾಡಲಿ ಎಂದು ನಮ್ಮ ಮಹಾಶಯ ಗಂಜಿಗೆ ನೀಲಿ ಕಲಸಿ, ದೊಡ್ಡಮ್ಮ ಕೊಟ್ಟ ಬಟ್ಟೆಯಲ್ಲಿ ಹೊಲಿಸಿದ ಅಂಗಿಗೆ ದಪ್ಪಗೆ ಬಳಿದು, ಜಾಲಿಸದೆ ಹಾಗೇ ಒಣಗಹಾಕಿದ. ಅಂಗಿ ರೊಟ್ಟಿಯ ಹೆಂಚಿನಂತೆ ಸೆಟೆದು ನಿಂತಿತು. ಆದರೆ ಬಣ್ಣ? ಅಬ್ಬಾ, ನೋಡಿದವರ ಕಣ್ಣು ತುಂಬುವಂತಿತ್ತು!

ಶನಿವಾರ ಬೆಳಗ್ಗೆ ಲೇಕಾನ್ ಜಗ್ಗಾಡಿ ಜಗ್ಗಾಡಿ ಅದನ್ನು ಅವನಿಗೆ ತೊಡಿಸಿದ. "ಅಯ್ಯೋ, ನನ್ನ ಕೈಯೆಲ್ಲಾ ನೀಲಿ ಆಯ್ತಲ್ಲೋ!"

"ಕಲೆ ಅಂದ್ರೆ ಅಂಟ್ಕೋಬೇಕು ಕಣೋ" ಎಂದ ಫೊಲಾರಿನ್ ಠೀವಿಯಿಂದ.

ದೊಡ್ಡಮ್ಮ ಒಳಕೋಣೆಯಲ್ಲಿ ತಲೆವಸ್ತ್ರ ಕಟ್ಟಿಸಿಕೊಳ್ಳುತ್ತಿದ್ದಳು. ಇದೇ ಸಮಯವೆಂದು ಫೊಲಾರಿನ್ ತಲೆಬಾಗಿಲಿಗೆ ಹೋಗಿ ನಿಂತ. ನಮ್ಮಲ್ಲಿ ಗಂಡುಹುಡುಗ ಹಿರಿಯರನ್ನು ಕಂಡರೆ ನೆಲಕ್ಕೆ ಉದ್ದಕ್ಕೂ ಬೀಳಬೇಕು. ಅವರು ಬೆನ್ನು ಸವರಿ ಹರಸಬೇಕು. ಬಿಸಿಲು ಏರಿತು, ಬೆವರು ಇಳಿಯಿತು, ಗಂಜಿ ಕರಗಿತು. ಬಂದವರೆಲ್ಲ ಬೆನ್ನು ಸವರಿದರು. ಸವರಿದ ಕೈಯಲ್ಲೇ ಗಂಡನ ಕಾಲರು ಸರಿಮಾಡಿದರು, ಬೀಗಿತ್ತಿಯನ್ನು ತಬ್ಬಿಕೊಂಡರು, ಮಕ್ಕಳ ಕೆನ್ನೆ ಹಿಂಡಿದರು. ಅಷ್ಟರಲ್ಲಿ ಡೋಲು ಶುರುವಾಯಿತು. ಕುಣಿತದಲ್ಲಿ ಯಾರ ಕೈ ಯಾರ ಸೊಂಟದ ಮೇಲಿತ್ತೆಂದು ನಾನು ಹೇಳಲಾರೆ, ಬಟ್ಟೆಗಳೇ ಹೇಳುತ್ತಿದ್ದವು.

ಜೊಲೊಫ್ ಅನ್ನ ಬಡಿಸುವ ಹೊತ್ತಿಗೆ ಒಬ್ಬಾಕೆ ಕಿಟಾರನೆ ಕಿರುಚಿದಳು. "ನನ್ನ ಬಟ್ಟೆ!"

"ನಿಮ್ದಿರ್ಲಿ, ನನ್ನ ಹಿಂದ್ಗಡೆ ನೋಡ್ರೀ!"

"ಬಾಗ್ಲಲ್ಲಿ ಬಿದ್ದಿದ್ನಲ್ಲ, ನೀಲಿ ಅಂಗಿ ಹುಡ್ಗ, ಅವ್ನೇ! ಹಿಡೀರಿ ಅವನ್ನ!"

ಫೊಲಾರಿನ್ ಜನರ ನಡುವಿನಿಂದ ನುಸುಳಿಕೊಂಡ. ಹಿತ್ತಲಿಗೆ ಓಡಿದವನೇ ಅಂಗಿ ಕಿತ್ತು ಬಕೆಟ್ಟಿಗೆ ಹಾಕಿ ಸೋಪು ತಿಕ್ಕಿದ. ಗಂಜಿಯ ಬಣ್ಣ ತಾನೇ? ಹೋದೆಯಾ ಪಿಶಾಚಿ ಅಂದರೆ ಹೋದೆ ಎಂಬಂತೆ ಹೋಯಿತು. ಅಂಗಿ ಹುಟ್ಟಿದಾಗಿನ ಕೆನೆಬಣ್ಣಕ್ಕೆ ತಿರುಗಿತು. ಹಸಿಹಸಿಯಾಗಿ ತೊಟ್ಟು, ಏನೂ ಅರಿಯದವನಂತೆ ಬಂದು ಜನರ ನಡುವೆ ನಿಂತ.

ಅವನ ಪುಣ್ಯ ನೋಡಿ, ಎಲ್ಲರೂ ಕಂಡಿದ್ದು ಅವನ ಬೆನ್ನನ್ನು ಮಾತ್ರ. ಮುಖ ಬೆಳಗಿನಿಂದ ನೆಲದಲ್ಲೇ ಇತ್ತು.

ದೊಡ್ಡಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಇದು ಕಲಾಶಾಲೆಯವ್ರ ಕೆಲ್ಸಾನೇ. ಈ ಮನೇಲಿ ಅಂಥವ್ರು ಇಬ್ರೇ. ಫೊಲಾರಿನ್, ಸತ್ಯ ಹೇಳು!"

"ನನ್ನ ಅಂಗಿ ನೋಡಿ ದೊಡ್ಡಮ್ಮ, ಒಂದು ಚುಕ್ಕೆ ಇದ್ಯಾ? ನಿಮ್ಮಾಣೆ, ನಾನಲ್ಲ. ಲೇಕಾನ್... ಲೇಕಾನ್‌ನ ಕೈ ನೋಡಿ ಬೇಕಾದ್ರೆ."

ಲೇಕಾನ್ ಕೋಳಿಕಾಲು ಕಚ್ಚುತ್ತಿದ್ದ. ಕೈ ಮಣಿಕಟ್ಟಿನವರೆಗೂ ನೀಲಿ. "ಅಮ್ಮಾ, ನಾನಲ್ಲಮ್ಮಾ!" ಎನ್ನುವಷ್ಟರಲ್ಲಿ ಅವನ ಕಿವಿ ಅವಳ ಬೆರಳಲ್ಲಿತ್ತು. ಫೊಲಾರಿನ್‌ಗೆ ಅಯ್ಯೋ ಪಾಪ ಅನ್ನಿಸಿತು. ಬದುಕಿದೆಯಾ ಬಡಜೀವವೇ ಅಂತಲೂ ಅನ್ನಿಸಿತು.

ಆ ಗಳಿಗೆಗೇ ಅಕಿನ್ಲೊಯೆ ಮೇಷ್ಟ್ರು ಒಳಗೆ ಬಂದರು. ಬಾಗಿಲಲ್ಲೇ ಕಂಬದಂತೆ ನಿಂತುಬಿಟ್ಟರು. ಎದುರಿಗೆ ನೂರಾರು ಕೆನೆಬಣ್ಣದ ಬಟ್ಟೆ. ಹೆಗಲ ಮೇಲೆ, ಬೆನ್ನ ಮೇಲೆ, ಎಲ್ಲೆಲ್ಲೂ ನೀಲಿ ಅಂಗೈಗಳು.

"ಯಾರು?" ಎಂದರು. "ಯಾರು ಮಾಡಿದ್ದು ಇದನ್ನ?"

"ಈ ಕತ್ತೇನೇ ಸಾರ್, ಹರಸಿದವ್ರ ಕೈಗೆಲ್ಲ ನೀಲಿ ಮೆತ್ತಿದ್ದು" ಎಂದಳು ದೊಡ್ಡಮ್ಮ, ಕಿವಿ ಬಿಡದೆ.

ಮೇಷ್ಟ್ರು ಓಡಿಬಂದು ಲೇಕಾನ್‌ನನ್ನು ಅಪ್ಪಿಕೊಂಡರು. "ಭಲೇ! ಎಲ್ರಿಗೂ ಒಂದೇ ಬಟ್ಟೆ ಕೊಟ್ರೆ, ಒಬ್ರ ಹಾಗೆ ಇನ್ನೊಬ್ರು ಕಾಣದ ಹಾಗೆ ಮಾಡ್ದೆಯಲ್ಲೋ! ಹರಸಿದ ಕೈಯನ್ನೇ ಕುಂಚ ಮಾಡ್ಕೊಂಡಿದೀಯ! ಲಾಗೋಸಿಗೆ ನೀನೇ ಹೋಗ್ಬೇಕು!"

ದೊಡ್ಡಮ್ಮನ ಬೆರಳು ತಾನಾಗಿ ಕಿವಿಯಿಂದ ಜಾರಿ ಮಗನ ತಲೆ ಸವರಿತು. ಲೇಕಾನ್ ಒಂದು ಕ್ಷಣ ಯೋಚಿಸಿದ. ಆಮೇಲೆ ಕೋಳಿಕಾಲು ಕೆಳಗಿಟ್ಟು, "ಹೂಂ ಸಾರ್. ಬಹಳ ದಿನದಿಂದ ತಲೇಲಿತ್ತು" ಎಂದ.

"ಸಾರ್, ಅದು ನಂದು! ನಾನು ಮಾಡಿದ್ದು ಸಾರ್!" ಎಂದು ಫೊಲಾರಿನ್ ನುಗ್ಗಿ ಬಂದ.

"ಏನೋ, ಈಗ ತಾನೇ ನನ್ನಾಣೆ ಇಟ್ಟೆಯಲ್ಲೋ!" ಎಂದಳು ದೊಡ್ಡಮ್ಮ. ನೆಂಟರೆಲ್ಲ ಹೌದು ಹೌದೆಂದರು.

ಮೇಷ್ಟ್ರು ಅವನ ಕಲೆಯಿಲ್ಲದ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟರು. "ಇಷ್ಟು ಜನರಲ್ಲಿ ಕೊಟ್ಟ ಬಟ್ಟೆ ಕೊಟ್ಟ ಹಾಗೇ ಹಾಕ್ಕೊಂಡು ನಿಂತಿರೋನು ನೀನೊಬ್ನೇ ಕಣಯ್ಯ. ಲಾಗೋಸಿಗೆ ಲೇಕಾನ್ ಜೊತೆ ಪೆಟ್ಟಿಗೆ ಹೊರೋಕೆ ಹೋಗು. ಅವನು ಮಾಡೋದನ್ನ ನೋಡಿ, ಹಾಗೇ ಮಾಡೋದು ಕಲಿ."

ಮನೆಮಂದಿಯ ಚಿತ್ರ ತೆಗೆಯಲು ಎಲ್ಲರೂ ಸಾಲಾಗಿ ನಿಂತರು. ಊಟದ ಹೊತ್ತಿಗೆ ಕಿರುಚಿದವಳು ತನ್ನ ನೀಲಿ ಕಲೆ ಎದ್ದು ಕಾಣುವಂತೆ ಪಕ್ಕಕ್ಕೆ ತಿರುಗಿ ನಿಂತಳು. ಫೊಲಾರಿನ್ ಮೂಲೆಯಲ್ಲಿ ಜಾಗ ಮಾಡಿಕೊಂಡ. ಫೋಟೋದವನು ಕ್ಯಾಮೆರಾದಿಂದ ತಲೆ ಎತ್ತಿ, ಅವನ ಕಲೆಯಿಲ್ಲದ ಅಂಗಿ ನೋಡಿ ಕೈ ಬೀಸಿದ.

"ತಮ್ಮಾ, ನೀನು ಸ್ವಲ್ಪ ಈಚೆ ಬಾಪ್ಪ. ಇದು ಬರೀ ನೆಂಟರ ಫೋಟೋ."