ನಾನು ನೋಡದ ಊರಿನ ಕಾರಂಜಿ

ಕಣ್ಣಾರೆ ನೋಡದ ಊರಿನ ಇತಿಹಾಸ ಹೇಳಿ ಹೊಟ್ಟೆ ಹೊರೆಯುವವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ತೊಂಬತ್ತರ ದಶಕದಲ್ಲಿ ನಾನು ಬಹರೈನಿನ ಅದ್ಲಿಯಾದಲ್ಲಿ ಒಂದು ಸ್ಪ್ಯಾನಿಷ್ ರೆಸ್ಟೋರೆಂಟಿನ ಹೆಡ್ ವೇಟರ್ ಆಗಿದ್ದೆ. ಅಲ್ಲಿ ಸ್ಪ್ಯಾನಿಷ್ ಅಂತ ಇದ್ದದ್ದು ಗೋಡೆ ಮಾತ್ರ. ಮಾಲೀಕರು ಬಹರೈನಿ, ಅಡುಗೆಯವರು ಉಳ್ಳಾಲದ ಬ್ಯಾರಿಗಳು, ನಾನು ಉಡುಪಿ ಕಡೆಯವ. ಗೋಡೆಯ ಮೇಲೆ ದಕ್ಷಿಣ ಸ್ಪೇನಿನ ಒಂದು ಪುಟ್ಟ ಊರಿನ ನಾಲ್ಕು ದೊಡ್ಡ ಫೋಟೊಗಳಿದ್ದವು: ಕೋಟೆ, ಇಗರ್ಜಿಯ ಗೋಪುರ, ಸೇತುವೆ, ಕಾರಂಜಿ. ಊರಿನ ಹೆಸರು ಹೇಳುವುದಿಲ್ಲ. ಯಾಕೆಂದು ಕೊನೆಗೆ ನಿಮಗೇ ತಿಳಿಯುತ್ತದೆ.

ಪರೀಕ್ಷೆ

ಮಾಲೀಕರು, ಅಂದರೆ ನಮ್ಮ ಅರ್ಬಾಬ್, ಮದುವೆಯಾದ ಹೊಸತರಲ್ಲಿ ಆ ಊರಲ್ಲಿ ಎರಡು ದಿನ ಇದ್ದು ಬಂದಿದ್ದರು. ಆ ಎರಡು ದಿನ ಅವರ ತಲೆಯಿಂದ ಇಳಿದಿರಲಿಲ್ಲ. ಊರಿನ ಇತಿಹಾಸವನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ಎಲ್ಲ ವೇಟರುಗಳಿಗೂ ಹಂಚಿದರು. ಗಿರಾಕಿ ಯಾವ ಫೋಟೊ ತೋರಿಸಿದರೂ ತಟ್ಟನೆ ಹೇಳಬೇಕು. ಹೇಳಲಾಗದವನ ವೀಸಾ ಮುಂದುವರಿಸುವುದಿಲ್ಲ, ಖಲಾಸ್.

ನನ್ನ ವೀಸಾ ಮುಗಿಯಲು ಎರಡು ತಿಂಗಳಿತ್ತು. ಊರಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು. ಶಾಲೆಯಲ್ಲಿ ಇತಿಹಾಸದ ಪಾಠ ಬಂದರೆ ನಿದ್ದೆ ಹೋಗುತ್ತಿದ್ದ ನಾನು ಹೆದರಿಕೆಯಿಂದ ಹಾಳೆಯನ್ನು ಪೂರ್ತಿ ಬಾಯಿಪಾಠ ಮಾಡಿದೆ. ಸೇತುವೆ ರೋಮನ್ನರದ್ದು, ಕೋಟೆ ಅರಬರದ್ದು, ಗೋಪುರ ಮೊದಲು ಮಿನಾರ ಆಗಿತ್ತು, ಆಮೇಲೆ ಕ್ರೈಸ್ತರು ಊರು ಗೆದ್ದು ಅದಕ್ಕೆ ಗಂಟೆ ಕಟ್ಟಿದರು. ಕಾರಂಜಿಯ ಬಗ್ಗೆ ಹಾಳೆಯಲ್ಲಿ ಒಂದೇ ಸಾಲು: 'ಇದು ಕಾರಂಜಿ.'

ಪರೀಕ್ಷೆಯ ದಿನ ಅರ್ಬಾಬ್ ಹಾಳೆಯಲ್ಲಿ ಇಲ್ಲದ್ದನ್ನೇ ಕೇಳಿದರು. "ಗೋಪುರಕ್ಕೆ ಎಷ್ಟು ಮೆಟ್ಟಿಲು?"

"ಅರ್ಬಾಬ್, ನೀವೇ ಹತ್ತಿ ಬಂದವರಲ್ವಾ. ಎಷ್ಟಿತ್ತು?" ಎಂದೆ.

ಅವರು ಸ್ವಲ್ಪ ಹೊತ್ತು ಗೋಪುರವನ್ನು ನೋಡಿದರು. "ನಾನು ಹತ್ತಲಿಲ್ಲ. ಅವತ್ತು ಮಂಡಿ ನೋವಿತ್ತು," ಎಂದು ಹೇಳಿ ನನ್ನನ್ನು ಪಾಸು ಮಾಡಿದರು.

ಎರಡು ಇತಿಹಾಸ

ಕೆಲವೇ ದಿನಗಳಲ್ಲಿ ನನಗೊಂದು ಉಪಾಯ ಹೊಳೆಯಿತು. ಅರಬರು ಕೂತ ಟೇಬಲಿನಲ್ಲಿ ಇತಿಹಾಸವನ್ನು ಕೋಟೆ ಕಟ್ಟಿದಲ್ಲಿಗೆ ನಿಲ್ಲಿಸುವುದು. ಯುರೋಪಿನವರ ಟೇಬಲಿನಲ್ಲಿ ಗಂಟೆ ಕಟ್ಟಿದಲ್ಲಿಂದ ಶುರು ಮಾಡುವುದು. ಇಬ್ಬರೂ ಖುಷಿಯಲ್ಲಿ ಊಟ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಒಬ್ಬ ಬಹರೈನಿ ಅಧಿಕಾರಿ ತಮ್ಮ ಇಂಗ್ಲಿಷ್ ಮ್ಯಾನೇಜರನ್ನು ಕರೆದುಕೊಂಡು ಬಂದು ಒಂದೇ ಟೇಬಲಿನಲ್ಲಿ ಕೂತರು. ನಾನು ಕೋಟೆಯಿಂದ ಶುರು ಮಾಡಿದೆ. ಅಧಿಕಾರಿ ಬೀಗಿದರು. ಇಂಗ್ಲಿಷಿನವರು ಚಮಚ ಕೆಳಗಿಟ್ಟು, "ಆಮೇಲೆ ಏನಾಯ್ತು?" ಎಂದರು. ಅಧಿಕಾರಿಯೂ ನನ್ನ ಮುಖವನ್ನೇ ನೋಡಿದರು.

"ಆಮೇಲೆ ಸೂಪ್ ತಣ್ಣಗಾಯ್ತು ಸರ್," ಎಂದು ಹೇಳಿ ಅಡುಗೆಮನೆಗೆ ನಡೆದೆ.

ಕಥೆ ಇಲ್ಲದ ನೀರು

ಬಹರೈನಿನದೇ ಬುಸೈತೀನಿನಲ್ಲಿದ್ದ ನಮ್ಮೂರ ಕಡೆಯ ಸಂಸಾರವೊಂದು ಒಂದು ಶುಕ್ರವಾರ ಊಟಕ್ಕೆ ಬಂತು. ಗಂಡ, ಹೆಂಡತಿ ಮತ್ತು ಊರಿಂದ ಮೂರು ತಿಂಗಳಿಗೆಂದು ಬಂದಿದ್ದ ಗಂಡನ ತಾಯಿ. ಅತ್ತೆ ಸೊಸೆ ಎದುರುಬದುರು ಕೂತಿದ್ದರೂ ಮಾತೆಲ್ಲ ಆ ಗಂಡನ ಮೂಲಕವೇ ಹೋಗಿ ಬರುತ್ತಿತ್ತು. ಅವನ ತಟ್ಟೆಯಲ್ಲಿ ಒಂದು ತುತ್ತೂ ಖಾಲಿಯಾಗಿರಲಿಲ್ಲ.

ಆ ತಾಯಿ ಕಾರಂಜಿಯ ಫೋಟೊ ನೋಡಿ, "ಇದರ ಕಥೆ ಎಂತದು ಮಗಾ?" ಎಂದು ಕೇಳಿದರು.

"ಇದು ಕಾರಂಜಿ ಅಮ್ಮ. ಕಥೆ ಇಲ್ಲ."

"ಕಥೆ ಇಲ್ಲದ ನೀರು ಎಲ್ಲಿಯಾದ್ರೂ ಉಂಟಾ? ನಮ್ಮಲ್ಲಿ ಒಂದು ಸಣ್ಣ ಮದಗಕ್ಕೂ, ಕೆರೆಗೂ ಕಥೆ ಉಂಟು. ನಿನಗೆ ಗೊತ್ತಿಲ್ಲ ಅಂತ ಹೇಳು."

ಕೌಂಟರಿನಲ್ಲಿದ್ದ ಅರ್ಬಾಬ್‌ಗೆ ಕನ್ನಡ ಬಾರದಿದ್ದರೂ ನಾನು ಬಾಯಿ ಮುಚ್ಚಿ ನಿಂತದ್ದು ಕಂಡಿತು. ಅವರ ಹುಬ್ಬು ಮೇಲೇರಿತು. ಕಣ್ಣೆದುರು ವೀಸಾ ಬಂದು ನಿಂತಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಆ ಊರಲ್ಲಿ ಒಂದು ಮನೆಯ ಅತ್ತೆ ಸೊಸೆ ಕಾರಂಜಿ ಹತ್ತಿರ ನಿಂತು ದಿನಾ ಜಗಳ ಮಾಡ್ತಿದ್ರು ಅಮ್ಮ. ಕೇಳಿ ಕೇಳಿ ಸಾಕಾಗಿ ನೀರು ನಿಂತೇ ಹೋಯ್ತು. ಊರ ಹಿರಿಯರು ಸೇರಿ, ನೀವಿಬ್ರು ಕೈ ಹಿಡ್ಕೊಂಡು, ಒಂದು ಮಾತೂ ಆಡದೆ ಮೂರು ಸುತ್ತು ಬನ್ನಿ ಅಂದ್ರು. ಮೂರನೇ ಸುತ್ತಿಗೆ ನೀರು ಬಂತು. ಈಗ್ಲೂ ಅಲ್ಲಿ ಮೂರು ಸುತ್ತು ಬಂದು ನೀರು ಕುಡಿದ್ರೆ ಅತ್ತೆ ಸೊಸೆ ಜಗಳ ನಿಲ್ತದಂತೆ."

ಯಾವ ಊರಿನ ನೀರಾದರೇನು, ನಮ್ಮವರ ಬಾಯಿಗೆ ಬಿದ್ದರೆ ಅದಕ್ಕೊಂದು ಪ್ರದಕ್ಷಿಣೆ ಬಂದೇ ಬರುತ್ತದೆ. ಟೇಬಲಿನಲ್ಲಿ ಯಾರೂ ಮಾತಾಡಲಿಲ್ಲ. ಆ ಗಂಡ ಮೊದಲ ತುತ್ತು ತಿಂದ. ಬಿಲ್ಲು ಕೊಡಲು ಹೋದಾಗ ಸೊಸೆ ಮೆಲ್ಲಗೆ ಕೇಳಿದಳು. "ಅಣ್ಣ, ಆ ನೀರು ಬಾಟಲಿಯಲ್ಲಿ ಸಿಗ್ತದಾ?"

ಆ ಊರಿನವರೇ ಬಂದರು

ಅರ್ಬಾಬ್ ಕಥೆಯನ್ನು ಹಿಂದಿಯಲ್ಲಿ ಹೇಳಿಸಿಕೊಂಡರು. "ಎಲ್ಲಿ ಸಿಕ್ಕಿತು?" ಎಂದರು. "ಓದಿದ್ದೆ," ಎಂದೆ. ಮರುದಿನವೇ ಅದು ಹಾಳೆಯಲ್ಲಿ ಸೇರಿತು. ಕೋಟೆಯನ್ನು ಕೇಳುವವರೇ ಇಲ್ಲದಾದರು, ಎಲ್ಲರಿಗೂ ಕಾರಂಜಿಯೇ ಬೇಕು.

ವೀಸಾಕ್ಕೆ ಇನ್ನು ಒಂದು ವಾರ ಇದೆ ಅನ್ನುವಾಗ ಬಿಳಿ ಮೀಸೆಯ ಒಬ್ಬ ಎಂಜಿನಿಯರ್ ಒಳಗೆ ಬಂದರು. ಕೂರದೆ ನೇರ ಫೋಟೊದ ಎದುರು ಹೋಗಿ ನಿಂತರು. "ನನ್ನ ಅಜ್ಜಿಯ ಮನೆ ಈ ಕಾರಂಜಿಯ ಹಿಂದೆಯೇ ಇದೆ," ಎಂದರು.

ಅರ್ಬಾಬ್‌ಗೆ ಸ್ವರ್ಗಕ್ಕೆ ಮೂರೇ ಗೇಣು. "ಇವರಿಗೆ ಕಾರಂಜಿಯ ಕಥೆ ಹೇಳು," ಎಂದು ನನ್ನನ್ನು ಮುಂದಕ್ಕೆ ತಳ್ಳಿದರು. ಓಡಿ ಹೋಗೋಣವೆಂದರೆ ಪಾಸ್‌ಪೋರ್ಟ್ ಅರ್ಬಾಬ್ ಕಪಾಟಿನಲ್ಲಿ. ಹೇಳಿದೆ.

ಎಂಜಿನಿಯರ್ ಫೋಟೊಕ್ಕೆ ಇನ್ನೂ ಹತ್ತಿರ ಹೋಗಿ ನೋಡಿದರು. ಆಮೇಲೆ, "ಈ ಕಥೆ ನಾನು ಕೇಳಿಯೇ ಇಲ್ಲ," ಎಂದರು.

ಅರ್ಬಾಬ್ ನನ್ನ ಕಡೆ ತಿರುಗಿದರು. ನಾನು ಮನಸ್ಸಿನಲ್ಲೇ ತಂಗಿಯ ಮದುವೆ ಮುಂದೂಡಿದೆ.

"ಅಪ್ಪನ ಅಮ್ಮನಾದ ಆ ಅಜ್ಜಿಗೂ ನನ್ನ ಅಮ್ಮನಿಗೂ ಜೀವಮಾನವಿಡೀ ಜಗಳ," ಎಂದು ಅವರು ಮುಂದುವರಿಸಿದರು. "ಅಜ್ಜಿ ಈ ಕಥೆಯನ್ನು ನಮಗೆ ಯಾಕೆ ಹೇಳಲಿಲ್ಲ ಅಂತ ಈಗ ಗೊತ್ತಾಯಿತು. ಅವಳಿಗೆ ಜಗಳ ನಿಲ್ಲುವುದು ಬೇಕಿರಲಿಲ್ಲ."

ವೀಸಾ ಆಯಿತು. ಅಡುಗೆಮನೆಯಲ್ಲಿ ಬ್ಯಾರಿಗಳ ಹತ್ತಿರ ನಿಜ ಹೇಳಿ ಅತ್ತೇಬಿಟ್ಟೆ. ಅವರು ಈರುಳ್ಳಿ ಕೊಚ್ಚುವುದನ್ನು ನಿಲ್ಲಿಸಲಿಲ್ಲ. "ಸುಮ್ಮನಿರಿ ಮಾರಾಯ್ರೆ. ಆ ಊರಿನವರೇ ಒಪ್ಪಿದ ಮೇಲೆ ಅಲ್ಲ ಅಂತ ಹೇಳ್ಲಿಕ್ಕೆ ನೀವು ಯಾರು?"

ಐದು ಸುತ್ತು

ಎರಡು ವರ್ಷ ಕಳೆಯಿತು. ತಂಗಿಯ ಮದುವೆಯಾಗಿ ಅವಳಿಗೂ ಒಬ್ಬಳು ಅತ್ತೆ ಬಂದಿದ್ದಳು. ನನ್ನ ವೀಸಾ ಮತ್ತೆ ಮುಗಿಯುತ್ತ ಬಂದಿತ್ತು. ಆ ಎಂಜಿನಿಯರ್ ತಮ್ಮ ಊರಿಗೆ ಹೋಗಿ ಬಂದವರು ಒಂದು ಬಣ್ಣದ ಕರಪತ್ರ ತಂದರು. ಪುರಸಭೆಯವರೇ ಪ್ರವಾಸಿಗಳಿಗಾಗಿ ಅಚ್ಚು ಹಾಕಿಸಿದ್ದು. ಮೊದಲ ಪುಟದಲ್ಲಿ ಕೋಟೆ ಇಲ್ಲ, ಗೋಪುರ ಇಲ್ಲ. ಕಾರಂಜಿ ಇದೆ. ಅದರ ಸುತ್ತ ಇಬ್ಬರು ಹೆಂಗಸರು ಕೈ ಹಿಡಿದು, ಬಾಯಿ ಬಿಗಿದು ನಡೆಯುತ್ತಿದ್ದಾರೆ. ಕೆಳಗೆ, 'ತಲತಲಾಂತರದಿಂದ ಬಂದ ಪದ್ಧತಿ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಎಂಜಿನಿಯರ್ ಮನೆಯಲ್ಲಿ ಹೇಳಿದ ಕಥೆ, ಪುರಸಭೆಯಲ್ಲಿದ್ದ ಬಂಧುವಿನ ಕಿವಿಗೆ ಬಿದ್ದು ಈ ಕರಪತ್ರಕ್ಕೆ ಮುಟ್ಟಿತ್ತು.

ಅರ್ಬಾಬ್ ಕರಪತ್ರಕ್ಕೆ ಕಟ್ಟು ಹಾಕಿಸಿ ಫೋಟೊದ ಪಕ್ಕ ತೂಗುಹಾಕಿದರು. ಒಂದು ವಾರದ ನಂತರ ನನ್ನನ್ನು ಅದರ ಎದುರು ಕರೆಸಿದರು.

"ಕರಪತ್ರದಲ್ಲಿ ಐದು ಸುತ್ತು ಅಂತ ಇದೆ. ನೀನು ಗಿರಾಕಿಗಳಿಗೆ ಮೂರು ಅಂತ ಹೇಳ್ತಿದ್ದೀಯ."

ನನಗೆ ರೇಗಿತು. ಸುಳ್ಳಾದರೂ ಅದು ನನ್ನ ಸುಳ್ಳು. "ಅರ್ಬಾಬ್, ತಪ್ಪಾಯ್ತು, ಇವತ್ತು ನಿಜ ಹೇಳಿಬಿಡ್ತೇನೆ. ಆ ಕಥೆ ಕಟ್ಟಿದ್ದೇ ನಾನು. ಇದೇ ಟೇಬಲಿನ ಹತ್ತಿರ ನಿಂತು ಕಟ್ಟಿದ್ದು. ಅದು ಮೂರೇ ಸುತ್ತು."

ಅರ್ಬಾಬ್ ಸಿಟ್ಟಾಗಲಿಲ್ಲ. ಜ್ವರ ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ನೀನು ಆ ಊರಿಗೆ ಹೋಗಿದ್ದೀಯಾ?"

"ಇಲ್ಲ."

"ಅಲ್ಲಿ ಹುಟ್ಟಿದವರು ಐದು ಅಂತಾರೆ. ಅಲ್ಲಿನ ಪುರಸಭೆ ಐದು ಅಂತದೆ. ನಿನಗೆ ಇತಿಹಾಸ ಮರೆತುಹೋಗಿದೆ. ನಾಳೆ ಮತ್ತೆ ಪರೀಕ್ಷೆ."

ಮರುದಿನ ಪರೀಕ್ಷೆಗೆ ನಿಂತೆ. ಪ್ರಶ್ನೆ ಒಂದೇ ಇತ್ತು. ನನ್ನ ಪಾಸ್‌ಪೋರ್ಟ್ ಅರ್ಬಾಬ್ ಮೇಜಿನ ಮೇಲಿತ್ತು.

"ಐದು," ಎಂದೆ.